ಶಾಲೆಯ ಗ್ರೂಪ್ ಫೋಟೊದಿಂದ ನಕಲಿ ನಗ್ನಚಿತ್ರ: ಮೊದಲ ದಿನ ದೊಡ್ಡವರು ಏನು ಮಾಡಬೇಕು

ಸ್ಪೇನ್ ದೇಶದ ನೈಋತ್ಯ ಮೂಲೆಯಲ್ಲಿ ಅಲ್ಮೆಂದ್ರಾಲೆಹೋ ಎಂಬ ಊರಿದೆ. ಸುಮಾರು 30,000 ಜನ. ದ್ರಾಕ್ಷಿ, ಆಲಿವ್ ಬೆಳೆಯುವ, ಎಲ್ಲರ ಮನೆ ಎಲ್ಲರಿಗೂ ಗೊತ್ತಿರುವ ಊರು. 2023ರ ಸೆಪ್ಟೆಂಬರ್‌ನಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಅಲ್ಲಿನ ಹುಡುಗಿಯರ ಬೆತ್ತಲೆ ಚಿತ್ರಗಳು ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವುದು ಬಯಲಾಯಿತು. 20ಕ್ಕೂ ಹೆಚ್ಚು ಹುಡುಗಿಯರು. ತೀರಾ ಚಿಕ್ಕವಳಿಗೆ 11 ವರ್ಷ, ದೊಡ್ಡವಳಿಗೆ 17. ಅವರಲ್ಲಿ ಯಾರೂ ಅಂಥ ಫೋಟೊ ತೆಗೆಸಿಕೊಂಡಿರಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ, ಮೈತುಂಬ ಬಟ್ಟೆ ಇದ್ದ ಮಾಮೂಲಿ ಫೋಟೊಗಳನ್ನೇ ಯಾರೋ ಎತ್ತಿಕೊಂಡು ಕೃತಕ ಬುದ್ಧಿಮತ್ತೆಯ (ಎಐ) ಆ್ಯಪ್ ಒಂದಕ್ಕೆ ಹಾಕಿದ್ದರು. 25 ಚಿತ್ರಕ್ಕೆ 10 ಯೂರೊ, ಅಷ್ಟೇ ಖರ್ಚು. ಆ ಯಾರೋ ಅಂದರೆ ಅದೇ ಊರಿನ, ಅದೇ ವಯಸ್ಸಿನ ಹುಡುಗರು.

ಆ ಹುಡುಗಿಯರಲ್ಲಿ ಒಬ್ಬಳ ತಾಯಿ ಮಿರಿಯಂ ಅಲ್ ಆದಿಬ್, ಸ್ತ್ರೀರೋಗ ತಜ್ಞೆ. ಸಾಮಾಜಿಕ ಜಾಲತಾಣದಲ್ಲಿ ಮೊದಲೇ ಹೆಸರು ಮಾಡಿದವರು. ಅವರು ಇನ್‌ಸ್ಟಾಗ್ರಾಂನಲ್ಲಿ ವಿಡಿಯೊ ಹಾಕಿ, ಹೆದರಬೇಡಿ, ಬಂದು ಹೇಳಿ, ನಿಮ್ಮ ತಪ್ಪೇನೂ ಇಲ್ಲ ಎಂದು ಊರಿನ ಹುಡುಗಿಯರಿಗೆ ಬಹಿರಂಗವಾಗಿ ಹೇಳಿದರು. ತಾಯಂದಿರು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು, ಒಟ್ಟಾಗಿ ಪೊಲೀಸರ ಬಳಿ ಹೋದರು. 2024ರ ಜುಲೈನಲ್ಲಿ ಬಾದಾಹೋಸ್‌ನ ಬಾಲ ನ್ಯಾಯಾಲಯ 15 ಹುಡುಗರಿಗೆ ಒಂದು ವರ್ಷದ ನಿಗಾ ಶಿಕ್ಷೆ ಕೊಟ್ಟು, ಲೈಂಗಿಕತೆ, ಸಮಾನತೆ ಮತ್ತು ತಂತ್ರಜ್ಞಾನದ ಜವಾಬ್ದಾರಿಯುತ ಬಳಕೆ ಕುರಿತ ತರಗತಿಗಳಿಗೆ ಹೋಗುವಂತೆ ಆದೇಶಿಸಿತು.

ಇದು ನಮ್ಮಿಂದ ಸಾವಿರಾರು ಮೈಲಿ ದೂರದ ಕಥೆ ಅನಿಸಬಹುದು. ಆದರೆ ಈ ಕೃತ್ಯಕ್ಕೆ ಬೇಕಾದ್ದು ಮೂರೇ: ಒಂದು ಫೋನು, ಒಂದು ಫೋಟೊ, ಕೇಳುವವರಿಲ್ಲ ಎಂಬ ಧೈರ್ಯ. ಮೂರೂ ನಮ್ಮ ಊರುಗಳಲ್ಲಿವೆ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ 2026ರ ಫೆಬ್ರುವರಿಯಲ್ಲಿ ಹೊರಗಿಟ್ಟ ಲೆಕ್ಕದ ಪ್ರಕಾರ, ಸಮೀಕ್ಷೆ ನಡೆದ 11 ದೇಶಗಳಲ್ಲಿ ಒಂದೇ ವರ್ಷದಲ್ಲಿ ಕನಿಷ್ಠ 12 ಲಕ್ಷ ಮಕ್ಕಳ ಚಿತ್ರಗಳು ಹೀಗೆ ಲೈಂಗಿಕ ಡೀಪ್‌ಫೇಕ್, ಅಂದರೆ ಎಐ ತಿರುಚಿದ ನಕಲಿ ಚಿತ್ರ, ಆಗಿವೆ. ಕೆಲವು ದೇಶಗಳಲ್ಲಿ 25 ಮಕ್ಕಳಿಗೆ ಒಬ್ಬರಂತೆ. ಅಂದರೆ ಒಂದು ತರಗತಿಗೆ ಒಂದು ಮಗು.

ಮೊದಲು, ಈ ಯಂತ್ರ ಮಾಡುವುದಾದರೂ ಏನು? ‘ಬಟ್ಟೆ ತೆಗೆಯುವ ಆ್ಯಪ್’ ಎಂದು ಜನ ಕರೆಯುತ್ತಾರೆ. ಆ ಮಾತೇ ತಪ್ಪು ದಾರಿಗೆ ಎಳೆಯುತ್ತದೆ. ಬಟ್ಟೆಯ ಹಿಂದೆ ಇರುವುದು ಫೋಟೊದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅದನ್ನು ಯಾವ ಕಂಪ್ಯೂಟರೂ ‘ತೋರಿಸಲು’ ಆಗದು. ನಡೆಯುವುದು ಇಷ್ಟು: ಫೋಟೊದಲ್ಲಿ ಬಟ್ಟೆ ಇರುವ ಭಾಗವನ್ನು ಸಾಫ್ಟ್‌ವೇರ್ ಗುರುತಿಸಿ ಅಳಿಸುತ್ತದೆ. ಆ ಖಾಲಿ ಜಾಗವನ್ನು ತುಂಬುತ್ತದೆ. ಏನಿಂದ? ಲಕ್ಷಾಂತರ ಬೇರೆ ಚಿತ್ರಗಳನ್ನು ನೋಡಿ ಕಲಿತ ಅಂದಾಜಿನಿಂದ. ಮುಖ, ಕೂದಲು, ಹಿಂದಿನ ಗೋಡೆ, ಬೆಳಕು ಎಲ್ಲವೂ ಅಸಲಿ. ನಡುವಿನ ಮೈ ಮಾತ್ರ ಯಂತ್ರ ಊಹಿಸಿ ಬರೆದದ್ದು. ಹರಿದ ಸೀರೆಗೆ ಸುತ್ತಲಿನ ಬಣ್ಣ, ಎಳೆ ನೋಡಿ ತೇಪೆ ಹಾಕುವಂತೆ. ತೇಪೆಯ ಬಟ್ಟೆ ಮಾತ್ರ ಬೇರೆಯವರದ್ದು.

ಈ ಬೇರೆಯವರು ಯಾರು ಎಂಬುದನ್ನೂ ಹೇಳಬೇಕು. ಚಿತ್ರ ರಚಿಸುವ ಎಐ ಮಾದರಿಗಳಿಗೆ ತರಬೇತಿ ಕೊಡಲು ಬಳಸಿದ ಲಾಯಾನ್-5ಬಿ ಎಂಬ ಬೃಹತ್ ಚಿತ್ರಸಂಗ್ರಹವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪರಿಶೀಲಿಸಿದಾಗ, ಮಕ್ಕಳ ಲೈಂಗಿಕ ಶೋಷಣೆಯದ್ದೆಂದು ಖಚಿತಪಟ್ಟ ಸಾವಿರಕ್ಕೂ ಹೆಚ್ಚು ಚಿತ್ರಗಳು ಅದರ ಕೊಂಡಿಗಳಲ್ಲಿ ಸಿಕ್ಕವು. ನಿಜವಾಗಿ ನರಳಿದ ಮಕ್ಕಳ ಚಿತ್ರಗಳು ಯಂತ್ರಕ್ಕೆ ಪಾಠವಾಗಿಬಿಟ್ಟಿದ್ದವು. ‘ಎಐ ಚಿತ್ರದಿಂದ ಯಾರಿಗೂ ನೋವಾಗಿಲ್ಲ’ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇನ್ನು ‘ನಿನ್ನದಲ್ಲವಲ್ಲ, ಸುಳ್ಳು ಚಿತ್ರ ತಾನೇ, ಬಿಡು’ ಎಂಬ ಸಮಾಧಾನ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹದಿಮೂರು ವರ್ಷದ ಹುಡುಗಿಯೊಬ್ಬಳು ಬೆಳಗ್ಗೆ ತರಗತಿಗೆ ಕಾಲಿಡುವುದನ್ನು ನೆನೆಯಿರಿ. ಮೂರನೆಯ ಬೆಂಚಿನ ಹುಡುಗರು ಫೋನು ಜೇಬಿಗೆ ಇಳಿಸುತ್ತಾರೆ. ಯಾರೋ ಕಿಸಕ್ಕನೆ ನಗುತ್ತಾರೆ. ಯಾರು ನೋಡಿದ್ದಾರೆ, ಯಾರು ನೋಡಿಲ್ಲ ಎಂದು ಅವಳಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಎಲ್ಲರೂ ನೋಡಿದ್ದಾರೆ ಎಂದೇ ಎಣಿಸಬೇಕು. ಆಟೊ ಓಡಿಸುವ ಅಣ್ಣ, ಟ್ಯೂಷನ್ ಮೇಷ್ಟ್ರು, ಚಿಕ್ಕಪ್ಪನ ಮಗ. ಚಿತ್ರ ಸುಳ್ಳೇ ಇರಬಹುದು, ಆ ಮುಖ ಅವಳದೇ. ಆ ನೋಟಗಳೂ ನಿಜವೇ.

ಈ ವಿಷಯ ಓದಲು ಶುರುಮಾಡಿದ ಮೇಲೆ ಒಂದು ಸಂಜೆ ನನ್ನ ಮಗಳ ಶಾಲೆಯ ಫೇಸ್‌ಬುಕ್ ಪುಟ ತೆರೆದು ಕೂತೆ. ವಾರ್ಷಿಕೋತ್ಸವದ ಕೋಲಾಟದ ಫೋಟೊ. ದೊಡ್ಡದು ಮಾಡಿದರೆ ಒಂದೊಂದು ಮುಖವೂ ಸ್ಪಷ್ಟ. ಮುಂದಿನ ಸಾಲಿನ ಹುಡುಗಿಯ ಹಣೆಯ ಬಿಂದಿಯ ಬಣ್ಣವೂ ಕಾಣುತ್ತದೆ. ಕೆಳಗೆ ಪ್ರೀತಿಯಿಂದ ಹೆಸರು, ತರಗತಿ, ಸೆಕ್ಷನ್ ಬರೆದಿದ್ದಾರೆ. ಪುಟ ಎಲ್ಲರಿಗೂ ತೆರೆದಿದೆ. ಯಾರದೂ ದುರುದ್ದೇಶವಿಲ್ಲ, ಶಾಲೆಗೆ ಹೆಮ್ಮೆ, ನಮಗೂ ಹೆಮ್ಮೆ. ನಾನೇ ಅದನ್ನು ಮೂರು ಜನಕ್ಕೆ ಕಳಿಸಿದ್ದೆ. ಆದರೆ ಈಗಿನ ಕಾಲಕ್ಕೆ ಇದು ಮುಖ, ಹೆಸರು, ವಯಸ್ಸು, ವಿಳಾಸ ಎಲ್ಲ ಒಂದೇ ಕಡೆ ಸಿಗುವ ಪಟ್ಟಿ. ಶಾಲೆಗಳು ಇಷ್ಟನ್ನಾದರೂ ಮಾಡಬಹುದು: ದೂರದಿಂದ ತೆಗೆದ, ಬೆನ್ನು ಅಥವಾ ಗುಂಪು ಕಾಣುವ ಫೋಟೊ ಹಾಕುವುದು, ರೆಸಲ್ಯೂಷನ್ ಇಳಿಸುವುದು, ಹೆಸರು ಮತ್ತು ಮುಖ ಒಟ್ಟಿಗೆ ಬಾರದಂತೆ ನೋಡಿಕೊಳ್ಳುವುದು, ಹಳೆಯ ವರ್ಷಗಳ ಆಲ್ಬಂಗಳನ್ನು ಮುಚ್ಚುವುದು, ಪೋಷಕರನ್ನು ಕೇಳಿಯೇ ಹಾಕುವುದು.

ಇಲ್ಲಿ ಒಂದು ಎಚ್ಚರಿಕೆ. ಫೋಟೊ ಹಾಕಬೇಡಿ ಎಂಬ ಮಾತು ಶಾಲೆಗೆ ಹೇಳಿದರೆ ಸರಿ. ಅದನ್ನೇ ತಿರುಗಿಸಿ ಹುಡುಗಿಯರಿಗೆ ‘ನೀನು ಫೋಟೊ ಹಾಕಿದ್ದಕ್ಕೇ ಹೀಗಾಯ್ತು’ ಎಂದರೆ ಅದು ಎರಡನೆಯ ಏಟು. ತರಗತಿಯ ಗ್ರೂಪ್ ಫೋಟೊ, ಗೆಳತಿಯ ಹುಟ್ಟುಹಬ್ಬದ ವಿಡಿಯೊ, ಬಸ್ಸಿನಲ್ಲಿ ಅವಳಿಗೆ ತಿಳಿಯದಂತೆ ತೆಗೆದ ಫೋಟೊ, ಯಾವುದಾದರೂ ಸಾಕು. ಯಾವ ಖಾತೆಯೂ ಇಲ್ಲದ ಹುಡುಗಿಯೂ ಬಲಿಯಾಗಬಲ್ಲಳು.

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಇನ್ನೊಂದು ಊರಿನ ಕಥೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಕಂಟ್ರಿ ಡೇ ಎಂಬ ಖಾಸಗಿ ಶಾಲೆ. 2023ರ ನವೆಂಬರ್‌ನಲ್ಲಿ, ರಾಜ್ಯ ಸರ್ಕಾರ ಮಕ್ಕಳಿಗಾಗಿ ನಡೆಸುವ ಅನಾಮಧೇಯ ದೂರು ವ್ಯವಸ್ಥೆಯ ಮೂಲಕ ಶಾಲೆಗೆ ಸುಳಿವು ಬಂತು: ಒಬ್ಬ ವಿದ್ಯಾರ್ಥಿ ಹುಡುಗಿಯರ ನಕಲಿ ನಗ್ನಚಿತ್ರ ಮಾಡುತ್ತಿದ್ದಾನೆ. ಶಾಲೆ ಪೊಲೀಸರಿಗೆ ತಿಳಿಸಲಿಲ್ಲ. ತಿಂಗಳುಗಳು ಉರುಳಿದವು. ಪೊಲೀಸರ ಕಿವಿಗೆ ಬಿದ್ದದ್ದು 2024ರ ಮಧ್ಯಭಾಗದಲ್ಲಿ. ಅಷ್ಟರಲ್ಲಿ ಲೆಕ್ಕ ಎಲ್ಲಿಗೆ ಹೋಗಿತ್ತು ಗೊತ್ತೇ? 347 ಚಿತ್ರ ಮತ್ತು ವಿಡಿಯೊಗಳು, 60 ಮಂದಿ ಬಲಿಪಶುಗಳು, ಒಬ್ಬರನ್ನು ಬಿಟ್ಟು ಎಲ್ಲರೂ ಅಪ್ರಾಪ್ತ ಹುಡುಗಿಯರು. ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದು ಪ್ರತಿಭಟಿಸಿದರು. 2024ರ ನವೆಂಬರ್‌ನಲ್ಲಿ ಶಾಲೆಯ ಮುಖ್ಯಸ್ಥರು, ಆಡಳಿತ ಮಂಡಳಿಯ ಅಧ್ಯಕ್ಷರು ಇಬ್ಬರೂ ಹುದ್ದೆ ಬಿಡಬೇಕಾಯಿತು. ಡಿಸೆಂಬರ್‌ನಲ್ಲಿ ಇಬ್ಬರು ಹುಡುಗರ ಮೇಲೆ ಆರೋಪ ದಾಖಲಾಯಿತು.

ಅಲ್ಮೆಂದ್ರಾಲೆಹೋದಲ್ಲಿ ತಾಯಂದಿರು ಮಾತಾಡಿದರು, ಕೆಲವೇ ದಿನಗಳಲ್ಲಿ ತನಿಖೆ ನಡೆಯಿತು. ಲ್ಯಾಂಕಾಸ್ಟರ್‌ನಲ್ಲಿ ದೊಡ್ಡವರು ಸುಮ್ಮನಾದರು, ಅರ್ಧ ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಕಳೆಯಿತು. ತಂತ್ರಜ್ಞಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಮೊದಲ ಸುಳಿವು ಸಿಕ್ಕ ದಿನ ದೊಡ್ಡವರು ಏನು ಮಾಡಿದರು ಎಂಬುದರಲ್ಲಿ. ನಮ್ಮಲ್ಲಿ ‘ಶಾಲೆಯ ಹೆಸರು ಹಾಳಾಗುತ್ತದೆ’, ‘ಹುಡುಗಿಯ ಮುಂದಿನ ಬದುಕು’, ‘ಹುಡುಗರ ಭವಿಷ್ಯ’, ‘ಎರಡೂ ಕಡೆಯವರನ್ನು ಕೂರಿಸಿ ಮಾತಾಡಿ ಮುಗಿಸೋಣ’ ಎಂಬ ಮಾತುಗಳು ಎಷ್ಟು ಬೇಗ ಬಾಯಿಗೆ ಬರುತ್ತವೆ! ಹೆಡ್‌ಮಾಸ್ಟರ ಕೊಠಡಿಯ ಬಾಗಿಲು ಹಾಕಿಕೊಂಡು ಒಂದು ಕ್ಷಮಾಪಣೆ ಪತ್ರ ಬರೆಸಿಕೊಂಡರೆ ಮುಗಿಯಿತು ಎಂದುಕೊಳ್ಳುತ್ತೇವೆ. ಅಷ್ಟರಲ್ಲಿ ಚಿತ್ರ ಇನ್ನೊಂದು ಗುಂಪು ಸೇರಿರುತ್ತದೆ.

ಪೆನ್ಸಿಲ್ವೇನಿಯದಲ್ಲಿ ಆಗ ಇದ್ದ ಕಾನೂನಿನ ಪ್ರಕಾರ ಇಂಥ ಪ್ರಕರಣವನ್ನು ವರದಿ ಮಾಡುವ ಹೊಣೆ ಶಾಲೆಗೆ ಇರಲಿಲ್ಲ ಎಂದು ಅಲ್ಲಿನ ಸರ್ಕಾರಿ ಅಭಿಯೋಜಕರು ಹೇಳಬೇಕಾಯಿತು. ನಮ್ಮ ದೇಶದಲ್ಲಿ ಆ ಸಂದಿ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಈ ಕಾಯ್ದೆಯಡಿ ಬರುವ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಖ್ಯ ಶಿಕ್ಷಕರು, ಪಿಟಿ ಮೇಷ್ಟ್ರು, ಆಯಾ, ಪಕ್ಕದ ಮನೆಯವರು, ಎಲ್ಲರೂ ಸೇರಿದರು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂಬ ರಕ್ಷಣೆಯೂ ಅದೇ 19ನೇ ಸೆಕ್ಷನ್‌ನಲ್ಲಿದೆ.

‘ಆದರೆ ಚಿತ್ರ ಅಸಲಿಯಲ್ಲವಲ್ಲ, ಪೋಕ್ಸೊ ಹೇಗೆ ಬರುತ್ತದೆ?’ ಎಂದು ವಕೀಲರೇ ಕೆಲವೊಮ್ಮೆ ಕೇಳುತ್ತಾರೆ. ಬರುತ್ತದೆ. 2019ರ ತಿದ್ದುಪಡಿಯಲ್ಲಿ ಮಕ್ಕಳ ಅಶ್ಲೀಲ ಚಿತ್ರದ ವ್ಯಾಖ್ಯೆಯೊಳಗೆ ನಿಜವಾದ ಮಗುವಿನಂತೆಯೇ ಕಾಣುವ ಕಂಪ್ಯೂಟರ್ ನಿರ್ಮಿತ ಚಿತ್ರವನ್ನೂ, ಮಗುವೆಂದು ತೋರುವಂತೆ ಸೃಷ್ಟಿಸಿದ ಅಥವಾ ಮಾರ್ಪಡಿಸಿದ ಚಿತ್ರವನ್ನೂ ಸೇರಿಸಲಾಗಿದೆ. ಮಗುವಿನ ಮೈಯ ‘ನಿಜವಾದ ಅಥವಾ ಕಲ್ಪಿತ’ ಚಿತ್ರ ಬಳಸುತ್ತೇನೆಂದು ಬೆದರಿಸುವುದು 11ನೇ ಸೆಕ್ಷನ್ ಅಡಿ ಲೈಂಗಿಕ ಕಿರುಕುಳ. ಇದು 2012ರಿಂದಲೂ ಇದೆ, ಎಐ ಬರುವ ಎಷ್ಟೋ ಮೊದಲು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಮಕ್ಕಳನ್ನು ಅಶ್ಲೀಲವಾಗಿ, ಅಸಭ್ಯವಾಗಿ ಬಿಂಬಿಸುವ ಡಿಜಿಟಲ್ ಚಿತ್ರ ಸೃಷ್ಟಿಸುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದು, ಹಂಚುವುದನ್ನು ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೆ ಐದು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇಂಥವನ್ನು ಸುಮ್ಮನೆ ಇಟ್ಟುಕೊಳ್ಳುವುದೂ ಅಪರಾಧವಾಗಬಲ್ಲದು ಎಂದು ವಿವರಿಸಿತು. ‘ಚೈಲ್ಡ್ ಪೋರ್ನೋಗ್ರಫಿ’ ಎಂಬ ಪದವನ್ನೇ ಬಿಟ್ಟು, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದು ಕರೆಯಬೇಕೆಂದೂ ಹೇಳಿತು. ಇದು ಬರೀ ಪದದ ಜಗಳವಲ್ಲ. ಮೊದಲ ಪದ ಹುಡುಗಿಯ ಮೇಲೆ ಬೆರಳು ತೋರಿಸುತ್ತದೆ, ಎರಡನೆಯದು ಮಾಡಿದವನ ಮೇಲೆ.

ಹಾಗಾದರೆ ಮೊದಲ ದಿನ. ಹುಡುಗಿಯೊಬ್ಬಳು ಬಂದು ಹೇಳಿದಳು ಎಂದುಕೊಳ್ಳಿ. ಅವಳ ಮುಂದೆ ಕೂರುವವರು ಒಬ್ಬರೇ ಇರಲಿ, ಅವಳೇ ನಂಬಿದ ಟೀಚರ್. ‘ಹೇಳಿದ್ದು ಒಳ್ಳೆಯದಾಯ್ತು, ನಿನ್ನ ತಪ್ಪಿಲ್ಲ, ಮುಂದಿನದು ನಾವು ನೋಡ್ಕೋತೀವಿ’ ಎಂಬ ಮೂರು ಮಾತು ಮೊದಲು ಬರಲಿ, ಪ್ರಶ್ನೆ ಆಮೇಲೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಏಕೆಂದರೆ ಕಾನೂನು ಪ್ರಕಾರ ಹೇಳಲೇಬೇಕು. ‘ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ’ ಎನ್ನಿ, ಹಾಗೆಯೇ ನಡೆದುಕೊಳ್ಳಿ.

ಆಮೇಲಿನ ತಪ್ಪು ಸ್ಟಾಫ್ ರೂಮಿನಲ್ಲಿ ನಡೆಯುತ್ತದೆ. ಫೋನು ಮೇಜಿನ ಮೇಲೆ ಬರುತ್ತದೆ. ‘ಎಲ್ಲಿ, ತೋರ್ಸಿ’ ಎನ್ನುತ್ತಾರೆ ಒಬ್ಬರು. ‘ಸಾಕ್ಷಿಗೆ ಇರ್ಲಿ, ನನಗೆ ಕಳಿಸಿ’ ಎನ್ನುತ್ತಾರೆ ಇನ್ನೊಬ್ಬರು. ಹತ್ತು ನಿಮಿಷದಲ್ಲಿ ಅದೇ ಚಿತ್ರ ಆರು ಜನ ದೊಡ್ಡವರ ಫೋನಿನಲ್ಲಿ. ಇದನ್ನು ಎಂದೂ ಮಾಡಕೂಡದು. ಶಿಕ್ಷಕರು ಆ ಚಿತ್ರ ನೋಡಬೇಕಾದ ಅಗತ್ಯವೇ ಇಲ್ಲ. ಕಳಿಸುವುದು, ಪ್ರಿಂಟ್ ತೆಗೆಯುವುದು, ತಮ್ಮ ಫೋನಿನಲ್ಲಿ ಫೋಟೊ ಹಿಡಿಯುವುದು ತಾವೇ ಕಾನೂನಿನ ಕೈಗೆ ಸಿಕ್ಕಂತೆ. ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಗುಂಪು, ಯಾವ ಖಾತೆ, ಯಾವ ಲಿಂಕು, ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಹೇಳಿದರು. ಬೆದರಿಕೆಯ ಮಾತುಗಳು ಬಂದಿದ್ದರೆ, ಚಿತ್ರ ಸೇರದಂತೆ ಆ ಮಾತುಗಳ ಸ್ಕ್ರೀನ್‌ಶಾಟ್ ಸಾಕು. ಸಿಟ್ಟಿನಲ್ಲಿ ಹುಡುಗರ ಫೋನು ಕಿತ್ತುಕೊಂಡು ಎಲ್ಲ ಅಳಿಸಿಹಾಕುವುದೂ ಬೇಡ. ಅಳಿಸಿದರೆ ಯಾರು ಮೊದಲು ಕಳಿಸಿದರು ಎಂಬ ಎಳೆಯೇ ತುಂಡಾಗುತ್ತದೆ. ಫೋನನ್ನು ತೆರೆಯದೆ ಬದಿಗಿಟ್ಟು ಪೊಲೀಸರಿಗೆ ಒಪ್ಪಿಸಿ.

ಕರೆ ಮಾಡಬೇಕಾದ ನಂಬರು ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ವಿರುದ್ಧದ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಕರ್ನಾಟಕದಲ್ಲಾದರೆ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪ್ರತ್ಯೇಕ ಪೊಲೀಸ್ ಠಾಣೆಗಳಿವೆ, ಆದರೆ ಹತ್ತಿರದ ಮಾಮೂಲಿ ಠಾಣೆಯೂ ದೂರು ತೆಗೆದುಕೊಳ್ಳಲೇಬೇಕು. ಠಾಣೆ ಎಂದರೆ ಪೋಷಕರು ಹಿಂಜರಿಯುತ್ತಾರೆ. ಅವರಿಗೆ ಇದನ್ನು ತಿಳಿಸಿ: ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಬಯಸಿದ ಜಾಗದಲ್ಲೋ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಪಡೆಯಬೇಕು, ಆಗ ಸಮವಸ್ತ್ರ ತೊಟ್ಟಿರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದು ಪೋಕ್ಸೊ 24ನೇ ಸೆಕ್ಷನ್. ಅವಳ ಹೆಸರು, ಮುಖ, ಮನೆ, ಶಾಲೆ ಯಾವುದನ್ನೂ ಪತ್ರಿಕೆ, ಟಿವಿ ಬಯಲು ಮಾಡುವಂತಿಲ್ಲ, ಇದು 23ನೇ ಸೆಕ್ಷನ್. ಈ ಎರಡನ್ನು ತಿಳಿದ ಮೇಲೆ ಎಷ್ಟೋ ತಾಯ್ತಂದೆಯರ ಮುಖದ ಬಿಗಿ ಸ್ವಲ್ಪ ಸಡಿಲವಾಗುತ್ತದೆ.

ಹಣ ಕೇಳುವ ಪ್ರಕರಣಗಳೂ ಇವೆ. ಮಾಮೂಲಿ ಫೋಟೊ ಎತ್ತಿಕೊಂಡು ನಕಲಿ ಚಿತ್ರ ಮಾಡಿ ಬೆದರಿಸುವ ಗುಂಪುಗಳ ಬಗ್ಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2023ರ ಜೂನ್‌ನಲ್ಲೇ ಎಚ್ಚರಿಸಿತ್ತು. ಇದರಲ್ಲಿ ಹುಡುಗರೂ ಸಿಕ್ಕಿಬೀಳುತ್ತಾರೆ, ಅವರು ಹುಡುಗಿಯರಿಗಿಂತಲೂ ಕಡಿಮೆ ಬಾಯಿ ಬಿಡುತ್ತಾರೆ. ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

ಹರಡಿದ ಚಿತ್ರವನ್ನು ತಡೆಯಲು ಆಗುತ್ತದೆಯೇ? ಪೂರ್ತಿ ಆಗದು, ಬಹಳಷ್ಟು ಆಗುತ್ತದೆ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯನ್ನು ಅಮೆರಿಕದ ನಾಪತ್ತೆ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ 2023ರಿಂದ ನಡೆಸುತ್ತಿದೆ; 18 ತುಂಬುವ ಮೊದಲಿನ ಚಿತ್ರಗಳಿಗೆ ಇದು, ಬೇರೆ ದೇಶದವರೂ ಬಳಸಬಹುದು. ಇದರ ಜಾಣತನ ಇರುವುದು ಬೆರಳಚ್ಚಿನಲ್ಲಿ. ಚಿತ್ರ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ. ಫೋನಿನಲ್ಲೇ ಆ ಚಿತ್ರದಿಂದ ‘ಹ್ಯಾಶ್’ ಎಂಬ ಅಂಕಿ-ಅಕ್ಷರಗಳ ಗುರುತು ತಯಾರಾಗುತ್ತದೆ, ಅದು ಮಾತ್ರ ಹೋಗುತ್ತದೆ. ಆ ಗುರುತಿನಿಂದ ಚಿತ್ರವನ್ನು ಮರಳಿ ಕಟ್ಟಲು ಬರುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳು ತಮ್ಮಲ್ಲಿ ಅದೇ ಗುರುತಿನ ಚಿತ್ರ ಕಂಡರೆ ತಡೆಯುತ್ತವೆ. ಮಿತಿಯೂ ಇದೆ: ಸೇರಿಕೊಂಡ ಕಂಪನಿಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ, ಗೂಢಲಿಪಿಯ ಖಾಸಗಿ ಚಾಟ್‌ಗಳ ಒಳಗೆ ಇಣುಕಲಾರದು, ಚಿತ್ರವನ್ನು ಬದಲಿಸಿದರೆ ಗುರುತು ತಪ್ಪಬಹುದು. 18 ದಾಟಿದವರಿಗೆ ಇದೇ ಬಗೆಯ ‘ಸ್ಟಾಪ್ ಎನ್‌ಸಿಐಐ’ ಇದೆ.

ನಮ್ಮ ಐಟಿ ನಿಯಮಗಳಲ್ಲಿ ನಗ್ನಚಿತ್ರ, ಕೃತಕವಾಗಿ ತಿರುಚಿದ ಚಿತ್ರಗಳ ದೂರು ಬಂದರೆ ಕಂಪನಿ 24 ಗಂಟೆಯೊಳಗೆ ತೆಗೆಯಬೇಕು ಎಂದಿತ್ತು. 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು 2 ಗಂಟೆಗೆ ಇಳಿಸಿದೆ. ಅಮೆರಿಕದಲ್ಲಿ 2025ರ ಮೇ 19ರಂದು ಸಹಿಯಾದ ಕಾಯ್ದೆ 48 ಗಂಟೆ ಕೊಡುತ್ತದೆ. ಆ ಕಾಯ್ದೆಗಾಗಿ ದನಿ ಎತ್ತಿದವರಲ್ಲಿ ಹೈಸ್ಕೂಲಿನಲ್ಲಿ ಇದೇ ನೋವುಂಡ ಹುಡುಗಿಯರೂ ಇದ್ದರು. ದಕ್ಷಿಣ ಕೊರಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ಟೆಲಿಗ್ರಾಂನಲ್ಲಿ ಎಷ್ಟೋ ಶಾಲೆಗಳಿಗೆ ಒಂದೊಂದು ಡೀಪ್‌ಫೇಕ್ ಗುಂಪು ಇರುವುದು ಬಯಲಾಗಿ, ವಿದ್ಯಾರ್ಥಿನಿಯರ ಜೊತೆ ಶಿಕ್ಷಕಿಯರೂ ಬಲಿಯಾಗಿದ್ದರು. ಮುಂದಿನ ತಿಂಗಳೇ ಅಲ್ಲಿ ಲೈಂಗಿಕ ಡೀಪ್‌ಫೇಕ್ ನೋಡುವುದಕ್ಕೂ ಮೂರು ವರ್ಷದವರೆಗೆ ಜೈಲು ಎಂಬ ಕಾನೂನನ್ನು ಸಂಸತ್ತು ಅಂಗೀಕರಿಸಿತು.

ಆ್ಯಪ್ ಮಾಡಿ ಮಾರುವವರನ್ನು ಬಿಟ್ಟು ಮಕ್ಕಳನ್ನಷ್ಟೇ ಹಿಡಿದರೆ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಅಟಾರ್ನಿ ಕಚೇರಿ 2024ರ ಆಗಸ್ಟ್‌ನಲ್ಲಿ ಇಂಥ 16 ಜಾಲತಾಣಗಳ ಮೇಲೆ ಮೊಕದ್ದಮೆ ಹೂಡಿತು. ಅದು ಸರಿಯಾದ ಜಾಗಕ್ಕೆ ಬಿದ್ದ ಪೆಟ್ಟು. ಹುಡುಗರ ಕೈಗೆ ಹತ್ತು ಯೂರೊಗೆ ಇದನ್ನು ಕೊಟ್ಟವರು ದೊಡ್ಡವರು, ಲೆಕ್ಕ ಹಾಕಿ ಕೊಟ್ಟವರು.

ಹುಡುಗರ ವಿಷಯಕ್ಕೆ ಬಂದರೆ, 18ರೊಳಗಿನವರನ್ನು ನಮ್ಮಲ್ಲಿ ಬಾಲ ನ್ಯಾಯ ಮಂಡಳಿ ನೋಡಿಕೊಳ್ಳುತ್ತದೆ. ಅದರ ಗುರಿ ಮಗುವನ್ನು ತಿದ್ದುವುದು, ಸಮಾಲೋಚನೆ, ಸಮುದಾಯ ಸೇವೆಯಂಥ ದಾರಿಗಳೂ ಅಲ್ಲಿವೆ. ಹುಡುಗನ ಬದುಕು ಹಾಳಾಗುತ್ತದೆ ಎಂಬ ಹೆದರಿಕೆಗೆ ಕಾನೂನಿನಲ್ಲೇ ಉತ್ತರವಿದೆ. ಆದರೆ ಅದಕ್ಕೂ ಮೊದಲು ಏಳನೇ, ಎಂಟನೇ ತರಗತಿಯ ಹುಡುಗರ ಜೊತೆ ಯಾರಾದರೂ ನೇರವಾಗಿ ಮಾತಾಡಿರಬೇಕು. ‘ತಮಾಷೆಗೆ ಮಾಡಿದ್ದು ಸಾರ್’ ಎನ್ನುವ ಹುಡುಗನಿಗೆ ಅದು ಅಪರಾಧ ಎಂದು ಗೊತ್ತಿರುವುದೇ ಇಲ್ಲ, ಎಷ್ಟೋ ಸಲ. ಚಿತ್ರ ಮಾಡದೆ, ಬರೀ ಮುಂದೆ ಕಳಿಸಿದವನಿಗೆ ಇನ್ನೂ ಕಡಿಮೆ ಗೊತ್ತು. ಗುಂಪಿಗೆ ಅಂಥದ್ದು ಬಂದಾಗ ಕಳಿಸದೆ, ನಗದೆ, ಯಾವ ದೊಡ್ಡವರ ಬಳಿ ಹೋಗಬೇಕು ಎಂದು ಅವನಿಗೆ ಹೆಸರು ಹಿಡಿದು ಹೇಳಿಕೊಟ್ಟಿರಬೇಕು. ಲ್ಯಾಂಕಾಸ್ಟರ್‌ನಲ್ಲಿ ಮೊದಲ ಸುಳಿವು ಬಂದದ್ದೂ ಹೀಗೆಯೇ, ಹೆಸರು ಹೇಳದ ಒಂದು ದೂರಿನಿಂದ.

ಮತ್ತೆ ಆ ಹುಡುಗಿ. ದೂರು ಆಯಿತು, ಚಿತ್ರ ತೆಗೆಸಿದ್ದಾಯಿತು, ಸೋಮವಾರ ಬಂತು. ಸಾಮಾನ್ಯವಾಗಿ ಏನಾಗುತ್ತದೆಂದರೆ, ಅವಳ ಒಳ್ಳೆಯದಕ್ಕೇ ಎಂದು ಅವಳನ್ನೇ ಬೇರೆ ಸೆಕ್ಷನ್‌ಗೆ ಹಾಕುತ್ತಾರೆ, ಅಥವಾ ಟಿಸಿ ಕೊಡಿಸಿ ಅಜ್ಜಿಯ ಊರಿನ ಶಾಲೆಗೆ ಕಳಿಸುತ್ತಾರೆ. ಹೋಗಬೇಕಾದರೆ ಹುಡುಗರು ಬೇರೆ ಸೆಕ್ಷನ್‌ಗೆ ಹೋಗಲಿ. ಅವಳ ಬೆಂಚು ಅವಳದ್ದೇ ಇರಲಿ, ಪಕ್ಕದಲ್ಲಿ ಗೆಳತಿ ಇರಲಿ. ಒಂದು ವಾರ ಬಾರದಿದ್ದರೆ ಹಾಜರಾತಿಗೆ ತೊಂದರೆಯಾಗದಂತೆ, ತಪ್ಪಿಹೋದ ಕಿರುಪರೀಕ್ಷೆ ಮತ್ತೆ ಬರೆಯುವಂತೆ ಮುಖ್ಯ ಶಿಕ್ಷಕರು ಮೊದಲೇ ಬರೆದಿಟ್ಟಿರಲಿ. ಮುಂದಿನ ವಾರ್ಷಿಕೋತ್ಸವದ ಪಟ್ಟಿ ಮಾಡುವಾಗ, ಕೋಲಾಟಕ್ಕೆ ಬರುತ್ತೀಯಾ ಎಂದು ಅವಳನ್ನೂ ಕೇಳಲಿ.